ತೆರೆಯುವ ಸಾಲು

ಕಪಿಲಾ ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ವೇದ ಹೇಳಿಕೊಡುತ್ತಿರಲಿಲ್ಲ, ಯೋಗವೂ ಇರಲಿಲ್ಲ. ಕಂಪನಿಗಳು, ಆಸ್ಪತ್ರೆಗಳು ತಮ್ಮ ದಾಖಲೆಗಳನ್ನು ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ, ಅಂದರೆ ಕ್ಲೌಡಿನಲ್ಲಿ, ಇಡುತ್ತವಲ್ಲ, ಅವನ್ನು ಕಾಯುವ ವಿದ್ಯೆಯನ್ನು ಗೌರಾಂಬಮ್ಮ ಎಂಬ ಗುರು ಅಲ್ಲಿ ಕಲಿಸುತ್ತಿದ್ದರು.

ಅವರ ಶಿಷ್ಯ ಸಿದ್ದರಾಜುವಿಗೆ ಮೂರು ವರ್ಷದಿಂದ ಒಂದೇ ವಿಷಯಕ್ಕೆ ತಲೆ ಕೆಟ್ಟುಹೋಗಿತ್ತು.

ಆ ದೂರದ ಕಂಪ್ಯೂಟರಿನೊಳಗೆ ಯಾರನ್ನು ಬಿಡಬೇಕು ಎಂದು ಕಾಯುವ ಯಾವ ಬಾಗಿಲನ್ನು ಮುಟ್ಟಿದರೂ ಮೊದಲು ತೆರೆಯುವ ಸಾಲು ಬರೆಯಬೇಕು. ಅದು ಆಶ್ರಮದ ಕಟ್ಟಳೆ. ‘ಹತ್ತು ನಿಮಿಷದೊಳಗೆ ನಾನು ಬಂದು ಬೇಡ ಅನ್ನದಿದ್ದರೆ ಎಲ್ಲವನ್ನೂ ಮೊದಲಿನಂತೆ ಮಾಡು’ ಎಂದು ಅದಕ್ಕೆ ಹೇಳಿಟ್ಟು, ಆಮೇಲೆ ಕೆಲಸಕ್ಕೆ ಕೈ ಹಾಕಬೇಕು. ಕೆಲಸ ಸರಿಯಾದರೆ ಹೋಗಿ ಆ ಸಾಲನ್ನು ಅಳಿಸಬೇಕು.

ಸಿದ್ದರಾಜು ಇಂಥ ಸಾಲುಗಳನ್ನು ನೂರಾರು ಬರೆದಿದ್ದ, ಅಷ್ಟನ್ನೂ ಅಳಿಸಿದ್ದ. ಒಂದು ಸಲವಾದರೂ ಅದರಿಂದ ಉಪಯೋಗವಾಗಿದ್ದರೆ ಕೇಳಿ.

“ಅಮ್ಮ, ನನ್ ಮೇಲೆ ನಂಬಿಕೆ ಇಲ್ವಾ ನಿಮ್ಗೆ?”

“ಇದೆಯಲ್ಲ.”

“ಮತ್ತೆ ಇದ್ಯಾಕೆ?”

“ಬರಿ.”

ಇನ್ನೊಂದು ದಿನ ಕೇಳಿದ. “ಒಂದೇ ಒಂದ್ ಅಂಕಿ ತಿದ್ದೋ ಕೆಲ್ಸ ಅಮ್ಮ. ಇದಕ್ಕೂ ಬರೀಬೇಕಾ?”

“ಬರಿ.”

ಈ ಅಮ್ಮನ ಜೊತೆ ಏಗುವುದು ಯಾವ ಜನ್ಮದ ಪಾಪವೋ ಎಂದು ಅವನಿಗೆ ಅನ್ನಿಸುತ್ತಿತ್ತು. ಅಡುಗೆ ಮನೆಯಲ್ಲಿ ಬಾಯಿಬಿಟ್ಟು ಹೇಳಿಯೂ ಹೇಳಿದ್ದ.

ಆಶ್ರಮದ ಸುಪರ್ದಿಯಲ್ಲಿ ಒಂದು ರಕ್ತನಿಧಿ ಇತ್ತು. ನಾಲ್ಕು ಊರಲ್ಲಿ ಅದರ ಶಾಖೆಗಳು. ಯಾವ ಊರಿನಲ್ಲಿ ಯಾವ ಗುಂಪಿನ ರಕ್ತ ಎಷ್ಟು ಬಾಟಲಿ ಇದೆ ಎಂಬುದೆಲ್ಲ ಅಂಥ ಒಂದು ದೂರದ ಕಂಪ್ಯೂಟರಿನಲ್ಲಿ. ಅದನ್ನು ನೋಡಿಕೊಳ್ಳುವ ಪಾಳಿ ಸಿದ್ದರಾಜುವಿನದು.

ಒಂದು ಮಧ್ಯಾಹ್ನ, ಯಾರೋ ಹೊರಗಿನವರು ಪಾಸ್‌ವರ್ಡ್ ಊಹಿಸಿ ಊಹಿಸಿ ಅದರೊಳಗೆ ನುಗ್ಗಲು ನೋಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ಗೌರಾಂಬಮ್ಮ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದರು.

ಎರಡೇ ಸಾಲಿನ ಕೆಲಸ. ಮೊದಲನೆಯದು, ಎಲ್ಲರಿಗೂ ಬಾಗಿಲು ಮುಚ್ಚು. ಎರಡನೆಯದು, ನಮ್ಮವರಿಗೆ ಮಾತ್ರ ತೆರೆ. ಸಿದ್ದರಾಜು ಎರಡನ್ನೂ ಎರಡೆರಡು ಸಲ ಓದಿಕೊಂಡ. ತೆರೆಯುವ ಸಾಲು ಬರೆಯಲಿಲ್ಲ. ಬರೆದು ಬರೆದು ಸಾಕಾಗಿತ್ತು.

ಮೊದಲನೆಯ ಸಾಲು ಕಳಿಸಿದ. ಎರಡನೆಯದನ್ನು ಬೆರಳಚ್ಚಿಸಿದ. ಪರದೆಯ ಮೇಲೆ ಏನೂ ಮೂಡಲಿಲ್ಲ. ಮತ್ತೆ ಒತ್ತಿದ. ಗುದ್ದಿದ.

ಎಲ್ಲರಿಗೂ ಮುಚ್ಚು ಎಂದಿದ್ದ, ಅದು ಎಲ್ಲರಿಗೂ ಮುಚ್ಚಿತ್ತು. ಕಳ್ಳರೂ ಆಚೆ, ರಕ್ತನಿಧಿಯವರೂ ಆಚೆ, ಸಿದ್ದರಾಜುವೂ ಆಚೆ.

ಫೋನು ಹೊಡೆದುಕೊಂಡಿತು. ರಕ್ತನಿಧಿಯ ನರ್ಸ್.

“ಸಾರ್, ಕಂಪ್ಯೂಟರ್ ಓಪನ್ನೇ ಆಗ್ತಿಲ್ಲ. ಇಲ್ಲೊಬ್ರಿಗೆ ಹೆರಿಗೆ ಆಗಿದೆ, ರಕ್ತ ನಿಲ್ತಾ ಇಲ್ಲ. ಬಿ ನೆಗೆಟಿವ್ ಬೇಕು. ನಮ್ಮಲ್ಲಿಲ್ಲ. ಬೇರೆ ಯಾವ ಊರಲ್ಲಿದೆ ಸ್ವಲ್ಪ ನೋಡಿ ಹೇಳಿ ಸಾರ್, ಬೇಗ!”

ಸಿದ್ದರಾಜು ಹೊಳೆಗೆ ಓಡಿದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಗೌರಾಂಬಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು. “ತೆರೆಯೋ ಸಾಲು?”

“ಬರೀಲಿಲ್ಲ.”

ಅವರು ಕೈಲಿದ್ದ ಒದ್ದೆ ಸೀರೆಯನ್ನು ಕಲ್ಲಿನ ಮೇಲೆ ರಪ್ಪನೆ ಬಡಿದರು.

“ಅಮ್ಮ, ನಿಮ್ಗೆ ಬೇರೆ ದಾರಿ ಗೊತ್ತಿರುತ್ತಲ್ಲ? ಯಾವ್ದಾದ್ರೂ ಹಿಂಬಾಗ್ಲು?”

“ಇದ್ದಿದ್ರೆ ಆ ಕಳ್ಳರಿಗೂ ಸಿಕ್ಕಿರೋದು ಕಣೋ. ಚೆನ್ನಾಗೇ ಮುಚ್ಚಿದೀಯ. ನಡಿ.”

ಆಶ್ರಮಕ್ಕೆ ಬಂದವರೇ ಅವನ ಮುಂದೆ ಒಂದು ಹಾಳೆ, ಪೆನ್ಸಿಲ್ಲು ಇಟ್ಟರು.

“ಉಳಿದ ಮೂರೂರಿಗೆ ಫೋನ್ ಮಾಡು. ಫ್ರಿಜ್ಜಿನ ಬಾಗ್ಲು ತೆಗ್ದು ಒಂದೊಂದೇ ಬಾಟ್ಲಿ ನೋಡಿ ಹೇಳಕ್ಕೆ ಹೇಳು. ಬರ್ಕೋ. ಬಾಗಿಲು ತೆರೆಯೋವರ್ಗೂ ಆ ಕಂಪ್ಯೂಟರ್ ನೀನೇ.”

ಮೊದಲ ಊರಿನಲ್ಲಿ ಯಾರೂ ಫೋನ್ ಎತ್ತಲಿಲ್ಲ. ಎರಡನೆಯ ಊರಿನವನು ಬಿ ಪಾಸಿಟಿವ್ ಬೇಕಾದರೆ ಇದೆ ಎಂದ. “ನೆಗೆಟಿವ್ ಕಣ್ರೀ, ನೆಗೆಟಿವ್!” ಎಂದು ಸಿದ್ದರಾಜು ಕಿರುಚಿದ. ಹೆಸರೂ ಗೊತ್ತಿಲ್ಲದ ಆ ಬಾಣಂತಿಯನ್ನು ತಾನೇ ಕೊಂದೆ ಅನ್ನಿಸಿತು.

ಮೂರನೆಯ ಊರಿನಲ್ಲಿ ಒಬ್ಬ ಹೆಂಗಸು, “ಇರಿ, ನೋಡ್ತೀನಿ” ಎಂದು ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದು, “ಎರಡಿದೆ” ಎಂದಳು.

ಬಾಟಲಿಗಳನ್ನು ಹೊತ್ತು ಜೀಪು ಹೊರಟಿತು. ಸಿದ್ದರಾಜು ಏಳುವಂತಿರಲಿಲ್ಲ. ಅಷ್ಟರಲ್ಲಿ ಮತ್ತೊಬ್ಬರ ಫೋನು, ಇನ್ನೊಂದು ಗುಂಪಿನ ರಕ್ತ.

ಪಕ್ಕದ ಕೋಣೆಯಲ್ಲಿ ಗೌರಾಂಬಮ್ಮ ಕಂಪ್ಯೂಟರು ಬಾಡಿಗೆಗೆ ಕೊಟ್ಟ ಕಂಪನಿಯವರ ಜೊತೆ ಫೋನಿನಲ್ಲಿ ಹೆಣಗುತ್ತಿದ್ದರು. ಕಂಪನಿಯವರು ಸಂಗೀತ ಹಾಕಿ ಕಾಯಿಸಿದರು. ಹೆಸರು ಕೇಳಿದರು, ಗುರುತಿನ ಚೀಟಿ ಕೇಳಿದರು, ಮತ್ತೆ ಸಂಗೀತ ಹಾಕಿದರು, ಮತ್ತೆ ಹೆಸರು ಕೇಳಿದರು. ಎಂದೂ ದನಿ ಏರಿಸದ ಗುರು ಆವತ್ತು ಇಡೀ ಆಶ್ರಮಕ್ಕೆ ಕೇಳುವಂತೆ ಕೂಗಿದರು.

“ನಾನು ನಾನೇ ಕಣಪ್ಪಾ! ಇನ್ನೆಷ್ಟ್ ಸಲ ಹೇಳ್ಲಿ?”

ನಾಲ್ಕೂವರೆಗೆ ಬಾಗಿಲು ತೆರೆಯಿತು. ಅದಾದ ಸ್ವಲ್ಪ ಹೊತ್ತಿಗೆ ನರ್ಸಿನ ಫೋನು ಬಂತು. ರಕ್ತ ಹೊತ್ತಿಗೆ ಸರಿಯಾಗಿ ಸಿಕ್ಕಿತ್ತು. ಬಾಣಂತಿ ಬದುಕಿದ್ದಳು.

ಸಿದ್ದರಾಜು ಹಾಳೆಯ ಮೇಲೆ ತಲೆಯಿಟ್ಟು ಅತ್ತ. ಗೌರಾಂಬಮ್ಮ ತಡೆಯಲಿಲ್ಲ.

“ಇನ್ಮೇಲೆ ಹುಷಾರಾಗಿರ್ತೀನಿ ಅಮ್ಮ,” ಎಂದ, ಮುಖ ಒರೆಸಿಕೊಂಡು. “ನಿಮ್ಮಾಣೆ.”

ಗುರುವಿಗೆ ರೇಗಿಹೋಯಿತು.

“ನಿನ್ನ ಹುಷಾರು ಯಾರಿಗೆ ಬೇಕೋ? ಮಧ್ಯಾಹ್ನ ಹುಷಾರಾಗಿರ್ಲಿಲ್ವಾ ನೀನು?”

ಸಿದ್ದರಾಜು ಯೋಚಿಸಿದ. ಹುಷಾರಾಗಿಯೇ ಇದ್ದ. ಎರಡೆರಡು ಸಲ ಓದಿದ್ದ. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದ ಸಂಗತಿ.

“ಕಳ್ಳರು ಇನ್ನೂ ಬಾಗ್ಲಲ್ಲೇ ನಿಂತವ್ರೆ,” ಎಂದರು ಗುರು. “ಮುಚ್ಚು.”

“ನಾನಾ?”

“ಮತ್ಯಾರು?”

ಸಿದ್ದರಾಜು ಮೊದಲು ತೆರೆಯುವ ಸಾಲು ಬರೆದ. ಆಮೇಲೆ ನಮ್ಮವರಿಗೆ ತೆರೆದ, ಉಳಿದವರಿಗೆ ಮುಚ್ಚಿದ. ಒಳಗೆ ಹೋಗಿ ನೋಡಿದ, ನರ್ಸಿಗೂ ಹೋಗಿ ನೋಡಲು ಹೇಳಿದ. ಎಲ್ಲ ಸರಿಯಾಗಿತ್ತು. ತೆರೆಯುವ ಸಾಲನ್ನು ಅಳಿಸಿದ.

ಈ ಸಲವೂ ಅದು ಉಪಯೋಗಕ್ಕೆ ಬರಲಿಲ್ಲ. ಇಷ್ಟೆಲ್ಲ ಆದ ಮೇಲೂ ಅವನಲ್ಲಿ ಹಳೆಯ ಬೇಸರ ಒಂದು ಚೂರು ಮಿಸುಕಿತು.

“ಒಂದ್ ಮಾತು ಕೇಳ್ಲಾ ಅಮ್ಮ? ಬೈಬಾರ್ದು.”

“ಕೇಳು.”

“ಎಷ್ಟು ವರ್ಷ ಕೆಲ್ಸ ಮಾಡಿದ್ರೆ ಈ ಸಾಲು ಬೇಡ ಅನ್ನೋ ಹಾಗಾಗುತ್ತೆ?”

ಗೌರಾಂಬಮ್ಮ ಬಕೆಟ್ಟಿನಿಂದ ಸೀರೆ ತೆಗೆದು ಹಿಂಡುತ್ತಿದ್ದರು.

“ನಂಗೆ ಮೂವತ್ತೊಂದು ವರ್ಷ ಆಯ್ತು,” ಎಂದರು. “ಇವತ್ತು ಬೆಳಿಗ್ಗೆ ನಾನೇ ತಪ್ಪಿ ಬಾಗ್ಲು ಮುಚ್ಕೊಂಡು ಹತ್ತು ನಿಮಿಷ ಆಚೆ ಕೂತಿದ್ದೆ. ಆ ಸಾಲೇ ಒಳಗೆ ಬಿಡ್ತು.”