ಕೌಂಟರ್ ಏರಿದ ಗೊಂಬೆಗಳು

ಗದಗಿನ ಒಂದು ಲಾಡ್ಜಿನಲ್ಲಿ ಕಸ ಗುಡಿಸುತ್ತಿದ್ದ ಫಕೀರವ್ವ, ಬಿಡುವಿನಲ್ಲಿ ಚಿಂದಿ ಬಟ್ಟೆಯ ಗೊಂಬೆ ಹೊಲಿದು ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಗೊಂಬೆಗಳಿಗೆ ಗಿರಾಕಿ ಹೆಚ್ಚಾದದ್ದು ಮ್ಯಾನೇಜರ್ ವಸಂತರಾಯನ ಕಣ್ಣಿಗೆ ಬಿತ್ತು.

“ಇಲ್ಲಿ ಕೆಲಸಕ್ಕಿರೋರು ಏನು ಮಾಡಿದ್ರೂ ಅದು ಲಾಡ್ಜಿಂದು. ಸೋಮವಾರದಿಂದ ಗೊಂಬಿ ಎಲ್ಲಾ ನನ್ನ ಕೌಂಟರಿಗೆ ಬರಬೇಕು. ಇಲ್ಲಾಂದ್ರ ಕೆಲಸ ಬಿಡು,” ಎಂದ.

ಫಕೀರವ್ವ ಲೆಕ್ಕ ಹಾಕಿದಳು: ಕೆಲಸ ಹೋದರೆ ಒಲೆ ಉರಿಯದು, ಗೊಂಬೆ ಹೋದರೆ ಮಗಳ ಕಾಲೇಜು ನಿಲ್ಲುತ್ತದೆ. “ಆತ್ರೀ ಸಾಹೇಬ್ರ,” ಎಂದಳು. ಭಾನುವಾರವಿಡೀ ಕೂತು ಹೊಲಿದಳು.

ಸೋಮವಾರ ಕೌಂಟರಿನ ಮೇಲೆ ಗೊಂಬೆಗಳು ಸಾಲಾಗಿ ಕೂತವು. ಎಲ್ಲಕ್ಕೂ ಬೋಳುತಲೆ, ದಪ್ಪ ಮೀಸೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಥೇಟ್ ವಸಂತರಾಯ! ಬಂದವರು ಗೊಂಬೆ ನೋಡಿದರು, ಅವನನ್ನು ನೋಡಿದರು, ಬಿದ್ದುಬಿದ್ದು ನಕ್ಕರು. ಒಬ್ಬನಂತೂ ಗೊಂಬೆಯ ಹೊಟ್ಟೆ ಒತ್ತಿ, “ಇದು ಕುಂಯ್ ಅಂತೈತೇನ್ರಿ?” ಎಂದು ಅವನನ್ನೇ ಕೇಳಿದ.

ವಸಂತರಾಯ ಕೆಂಡವಾದ. “ಏ ಫಕೀರವ್ವಾ, ತಗೊಂಡು ಹೋಗು ಇವನ್ನ!”

ಅವಳು ನಿಧಾನವಾಗಿ ಕೇಳಿದಳು: “ಲಾಡ್ಜಿನ ಸಾಮಾನು ನಾ ಹ್ಯಾಂಗ ಒಯ್ಯಲ್ರಿ? ನಾಳೆ ಕಳ್ಳಿ ಅಂತೀರಿ.”

“ಲಾಡ್ಜಿಂದಲ್ಲ! ನೀ ಮಾಡಿದ್ದೆಲ್ಲಾ ನಿಂದ!” ಎಂದು ಅವನು ಎಲ್ಲರೆದುರೇ ಅರಚಿದ.

“ಎಲ್ಲಾರೂ ಕೇಳಿದ್ರಲ್ಲಾ?” ಎನ್ನುತ್ತ ಫಕೀರವ್ವ ಗೊಂಬೆಗಳನ್ನು ಸೆರಗಿಗೆ ತುಂಬಿಕೊಂಡಳು. ಬಾಗಿಲು ದಾಟುವುದರೊಳಗೆ ಅರ್ಧ ಮಾರಿಹೋದವು.