ಹಾಯಿಯ ಗಂಟು ಬಿಚ್ಚಿದ ಜಟ್ಟಿ

"ಹೊಳೆಬಾಯಿ ಸೀಮೆಯೋರೆಲ್ಲ ಕೇಳ್ರಪ್ಪಾ! ಅರಸು ಸೋಮದೇವರ ಅಪ್ಪಣೆ! ಹಾಯಿದೋಣಿ ಪಂದ್ಯದಲ್ಲಿ ದೊಡ್ಡ ಹಾಯಿ ಇಳಿಸಿ ಚಿಕ್ಕ ಹಾಯಿ ಏರಿಸೋದು ಬೇಗ ಆಗ್ಬೇಕು, ಕಟ್ಟಳೆನೂ ಮುರೀಬಾರ್ದು. ಆ ಗುಟ್ಟು ಇರೋ ಮೂರು ಒಗಟು ಬಿಡಿಸಿದೋರಿಗೆ ರಾಜಕುಮಾರಿ ಚೆನ್ನಾದೇವಿ, ಅರ್ಧ ರಾಜ್ಯ. ತಪ್ಪಿದೋರ ತಲೆ ಹಾರುತ್ತೆ!"

ಡಂಗುರದವನು ಕೂಗ್ಕೊಂಡು ಹೋದಾಗ ನಾನು ಅರಮನೆ ಅಂಗಳ ಗುಡಿಸ್ತಿದ್ದೆ. ಇದೊಂದು ಬಾಕಿ ಇತ್ತು ಅಂತ ಸೊಂಟ ಹಿಡ್ಕೊಂಡೆ. ತಲೆ ಕಡಿಯೋರು ಅವರು, ರಕ್ತ ಮೆತ್ತಿದ ಕಲ್ಲು ತೊಳೆಯೋಳು ನಾನು.

ಅರಸರ ಒಬ್ಬನೇ ಮಗ ಹೋದ ವರ್ಷದ ಪಂದ್ಯದಲ್ಲಿ ಮುಳುಗಿ ಸತ್ತಿದ್ದ. ಬೆಳಿಗ್ಗೆ ಗಾಳಿ ಮೆತ್ತಗಿರುತ್ತೆ, ದೊಡ್ಡ ಹಾಯಿ ಬೇಕು. ಮಧ್ಯಾಹ್ನ ಸಮುದ್ರದ ಗಾಳಿ ಬಡಿದ್ರೆ ತಟ್ಟಂತ ಅದನ್ನ ಇಳಿಸಿ ಚಿಕ್ಕದು ಏರಿಸ್ಬೇಕು, ಇಲ್ಲಾಂದ್ರೆ ದೋಣಿ ಮಗುಚುತ್ತೆ. ಆ ಹುಡುಗನ ಕೈಲಿ ಆಗ್ಲಿಲ್ಲ. ಕಟ್ಟಳೆನೋ, ಬಲು ಬಿಗಿ. ಎಲ್ಲಾ ದೋಣಿಗೂ ಒಂದೇ ಕಂಬ, ಒಂದೇ ಅಳತೆ ಹಗ್ಗ, ಒಂದು ಮೊಳೆನೂ ಹೆಚ್ಚಿಗೆ ಹೊಡೆಯೋ ಹಾಗಿಲ್ಲ.

ಮೊದಲು ಬಂದೋನು ಪಕ್ಕದ ಸೀಮೆ ಪಾಳೇಗಾರನ ಮಗ. ಅಂಗಳದ ತುಂಬ ಅತ್ತರಿನ ವಾಸನೆ.

ಅರಸರು ಕೇಳಿದ್ರು, "ಇನ್ನೊಬ್ರು ಎಷ್ಟು ಜಗ್ಗಿದ್ರೂ ಬಿಡಲ್ಲ. ಕಟ್ಟಿದೋನು ಒಂದ್ಸಲ ಎಳೆದ್ರೆ ಸಾಕು, ಬಿಟ್ಬಿಡುತ್ತೆ. ಏನದು?"

"ಪ್ರೇಮ, ಮಹಾಸ್ವಾಮಿ!" ಅಂತ ರಾಜಕುಮಾರಿ ಕಡೆ ಓರೆಗಣ್ಣು ಬಿಟ್ಟ. ಆ ಓರೆಗಣ್ಣು ಇನ್ನೂ ಹಾಗೇ ಇತ್ತು, ಮುಂಡ ಬೇರೆ ಕಡೆ ಇತ್ತು.

ಆಮೇಲೆ ಬಂದ ದಳವಾಯಿ, "ಅರಸರ ಮಾತು" ಅಂದ. ಹೊಗಳಿದ್ರೂ ಉಳೀಲಿಲ್ಲ. ದಿನಾ ಒಬ್ಬ ಬರೋನು, ದಿನಾ ನಾನು ನೀರು ಹೊರೋಳು. ಚೆನ್ನಾದೇವಿ ಮುಖ ನೋಡಿದ್ರೆ ಅವಳಿಗೂ ನನ್ನಷ್ಟೇ ಸಾಕಾಗಿತ್ತು.

ನಮ್ಮ ಪಕ್ಕದ ಮನೆ ಬೀರಮ್ಮನ ಮಗ ಜಟ್ಟಿ. ಪಂದ್ಯದ ದೋಣಿ ದಡಕ್ಕೆ ಬಂದ್ಮೇಲೆ ಒದ್ದೆ ಹಾಯಿ ಬಿಚ್ಚಿ ಒಣಹಾಕೋನು ಅವನು. ಹಗ್ಗ ನೀರು ಕುಡಿದು ಊದ್ಕೊಂಡಿರುತ್ತೆ, ಗಂಟು ಕಲ್ಲಾಗಿರುತ್ತೆ. ಅವನ ಉಗುರು ಒಂದೂ ನೆಟ್ಟಗಿಲ್ಲ. ನಿಂತಲ್ಲೇ ನಿದ್ದೆ ಹೊಡಿಯೋ ಪ್ರಾಣಿ.

ಒಂದು ದಿನ ಬೆಳಿಗ್ಗೆ ಬೀರಮ್ಮ ಎದೆ ಎದೆ ಬಡ್ಕೊಂಡು ಬಂದ್ಲು. "ದುಗ್ಗಕ್ಕಾ, ಇವನಿಗೆ ಬುದ್ಧಿ ಹೇಳೇ! ಅರಮನೆಗೆ ಹೋಗ್ತಾನಂತೆ!"

"ಏನೋ, ರಾಜಕುಮಾರಿ ಬೇಕಾ ನಿನ್ ಮೂತಿಗೆ?" ಅಂದೆ.

"ರಾಜಕುಮಾರಿ ಯಾರಿಗೆ ಬೇಕು ಅತ್ತೇ" ಅಂದ ಆಕಳಿಸ್ಕೊಂಡು. "ಇವತ್ತಿಂದ ಇನ್ನೊಂದು ಗಂಟು ಬಿಚ್ಚಲಾರೆ. ಬೇಗ ಬಿಚ್ಚೋದು ಹೇಗೆ ಅಂತ ಹೇಳಿ ಬರ್ತೀನಿ. ಕೇಳಿದ್ರೆ ಬದುಕ್ದೆ, ಇಲ್ಲಾಂದ್ರೆ ಮಲಗ್ದೆ."

ಅವನ ಹಿಂದೇನೇ ಪೊರಕೆ ಎತ್ಕೊಂಡು ಓಡ್ದೆ. ಕಂಬದ ಮರೇಲಿ ನಿಂತ್ಕೊಂಡೆ.

ಮೊದಲ ಒಗಟು ಕೇಳಿ ಜಟ್ಟಿ ತಲೆ ಕೆರ್ಕೊಂಡ. "ಅದು ದುಗ್ಗತ್ತೆ ಕರು ಕಟ್ಟೋ ಗಂಟು, ಬುದ್ಧೀ. ಕರು ಎಷ್ಟು ಜಗ್ಗಿದ್ರೂ ಬಿಗಿಯಾಗುತ್ತೆ. ಹಾಲು ಕರೆದಾದ್ಮೇಲೆ ಗಂಟಿನ ಬಾಲ ಹಿಡಿದು ಒಂದ್ಸಲ ಎಳೀತಾಳೆ, ಬಿಚ್ಕೊಳುತ್ತೆ. ಹಾಯಿಗೂ ಅದನ್ನೇ ಹಾಕಿ. ಹಗ್ಗ ಅದೇ, ಅಳತೆ ಅದೇ."

ಕರು ನಂದು, ಗಂಟು ನಂದು, ಹೆಸರು ಅವನದು. ಇರ್ಲಿ.

ಅರಸರು ಸಿಂಹಾಸನದಲ್ಲಿ ಮುಂದಕ್ಕೆ ಬಗ್ಗಿದ್ರು. "ಗಾಳಿ ಬಡಿಯೋ ಹೊತ್ತಲ್ಲಿ, ಅಳೀದೆ ಅಳತೆ ಹೇಳುತ್ತೆ. ಬಾಯಿಲ್ಲ, 'ಇಲ್ಲಿಗೆ ನಿಲ್ಸು' ಅನ್ನುತ್ತೆ. ಅದಕ್ಕೆ ಉದ್ದ ಇಲ್ಲ, ತೂಕ ಇಲ್ಲ. ಏನದು?"

"ಮಸಿ ಗುರುತು" ಅಂದ ಜಟ್ಟಿ. "ನಮ್ಮವ್ವನಿಗೆ ಕಣ್ಣು ಮಂಜು. ಬಾವಿ ಹಗ್ಗಕ್ಕೆ ಎಣ್ಣೆಮಸಿ ಬಳಿದಿದ್ದಾಳೆ. ಅದು ರಾಟೆಗೆ ಬಂತು ಅಂದ್ರೆ ಕೊಡ ನೀರು ಮುಟ್ಟಿತು ಅಂತ. ದೊಡ್ಡ ಹಾಯಿಗೆ ಹಗ್ಗ ಎಲ್ಲಿವರೆಗೆ ಎಳೀಬೇಕು, ಚಿಕ್ಕದಕ್ಕೆ ಎಲ್ಲಿವರೆಗೆ ಅಂತ ದಡದಲ್ಲೇ ಗುರುತು ಹಾಕ್ಕೊಂಡ್ರೆ ನೀರಲ್ಲಿ ತಡಕಾಡೋದು ತಪ್ಪುತ್ತೆ."

ಮಂತ್ರಿ ಎದ್ದು ನಿಂತ. "ಕಟ್ಟಳೆಯಲ್ಲಿ ಮಸಿ ಇಲ್ಲ!"

"ಬೇಡ ಅಂತನೂ ಇಲ್ವಲ್ಲ" ಅಂದ್ಲು ಚೆನ್ನಾದೇವಿ. ಮಂತ್ರಿ ಕೂತ.

ಮೂರನೇ ಒಗಟು ಅಲ್ಲೀವರೆಗೆ ಯಾರೂ ಕೇಳಿರ್ಲಿಲ್ಲ. ಅರಸರ ದನಿ ಇಳೀತು. "ಎರಡು ದೋಣಿ. ಕಂಬ ಒಂದೇ, ಹಾಯಿ ಒಂದೇ, ಗಾಳಿ ಒಂದೇ. ಒಬ್ಬ ಬದುಕಿ ಬಂದ, ಒಬ್ಬ ಬರ್ಲಿಲ್ಲ. ಬದುಕಿದವನ ಹತ್ರ ಹೆಚ್ಚಿಗೆ ಏನಿತ್ತು?"

ಜಟ್ಟಿಗೆ ಉತ್ತರ ಗೊತ್ತಿತ್ತು. ನಮ್ಮ ಕೇರಿಗೆಲ್ಲ ಗೊತ್ತಿತ್ತು, ನನ್ನಂಥ ಬಾಯಿಬಡುಕಿನೂ ಯಾರಿಗೂ ಹೇಳಿರ್ಲಿಲ್ಲ ಅಂದ್ರೆ ಎಷ್ಟು ಹೆದರಿಕೆ ಅಂತ ಲೆಕ್ಕ ಹಾಕಿ. ಬೇಡ ಕಣೋ ಅಂತ ಕಂಬದ ಮರೇಲಿಂದ ತಲೆ ಆಡಿಸ್ದೆ. ಕಟುಕ ಕತ್ತಿ ಎತ್ಕೊಂಡ.

"ಬದುಕಿದವನ ಹತ್ರ ಏನೂ ಇರ್ಲಿಲ್ಲ, ಬುದ್ಧೀ" ಅಂದ ಜಟ್ಟಿ. "ನಿಮ್ಮ ಮಗನ ಹತ್ರ ಹೆಚ್ಚಿಗೆ ಇತ್ತು. ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಗಂಟು. ಆ ಹಾಯಿನ ನೀರಿಂದ ಎತ್ತಿ ತಂದಾಗ ಬಿಚ್ಚಿದೋನು ನಾನು. ಹಲ್ಲು ಹಾಕಿ ಬಿಚ್ಚಬೇಕಾಯ್ತು. ಅವನು ಹಾಕಿದ ಗಂಟಲ್ಲ ಅದು."

"ಮತ್ಯಾರದು?"

"ಹಾಯಿ ಹಾರಿ ಹೋಗ್ಬಾರ್ದು, ಮಗನಿಗೇನೂ ಆಗ್ಬಾರ್ದು ಅಂತ ಪಂದ್ಯದ ಬೆಳಿಗ್ಗೆ ದಡಕ್ಕೆ ಬಂದು ನೀವೇ ಬಿಗಿದಿದ್ರಿ."

ಅರಸರು ಇಳಿದು ಬಂದ್ರು. ಜಟ್ಟಿ ಕಣ್ಣು ಮುಚ್ಕೊಂಡ. ಅರಸರು ಅವನ ಕೈ ಹಿಡಿದು, ಒಡೆದ ಉಗುರುಗಳನ್ನ ಒಂದೊಂದಾಗಿ ನೋಡಿ, ಅಲ್ಲೇ ನೆಲದ ಮೇಲೆ ಕೂತು ಅತ್ರು.

"ಮೂರೂ ಸರಿ" ಅಂದ್ರು ಕೊನೆಗೆ. "ಕೇಳು, ಏನು ಬೇಕು?"

"ಕತ್ತಿ ಒಳಗಿಡಿಸಿ ಬುದ್ಧೀ. ಆಮೇಲೆ ಒಂಚೂರು ಮಲಗ್ಲಾ?"

ಚೆನ್ನಾದೇವಿ ನಕ್ಕಿದ್ದನ್ನ ನಾನು ಆ ವರ್ಷದಲ್ಲಿ ಅವತ್ತೇ ನೋಡಿದ್ದು. ಅವಳೇ ಚಾಪೆ ಹಾಸಿದ್ಲು. ಎದ್ದ ಮೇಲೆ ಮದುವೆ, ಅರ್ಧ ರಾಜ್ಯ, ಎಲ್ಲಾ ಆಯ್ತು. ಮುಂದಿನ ಪಂದ್ಯದಲ್ಲಿ ಗಾಳಿ ಬಡೀತು, ಎಲ್ಲರೂ ಗಂಟಿನ ಬಾಲ ಎಳೆದ್ರು, ಮಸಿ ನೋಡಿದ್ರು, ಎಲ್ಲಾ ದೋಣಿನೂ ದಡಕ್ಕೆ ಬಂದ್ವು.

ನನಗೇನು ಸಿಕ್ತು ಅಂತೀರಾ? ಕರುವಿಗೆ ಅಂತ ಒಂದು ಹಿಡಿ ಹುಲ್ಲೂ ಬರ್ಲಿಲ್ಲ. ಅಂಗಳ ಈಗ್ಲೂ ನಾನೇ ಗುಡಿಸ್ತೀನಿ. ಬರೀ ಎಲೆ, ಧೂಳು ಅಷ್ಟೇ. ಕಲ್ಲು ತೊಳೆಯೋದಿಲ್ಲ. ಈ ಸೊಂಟಕ್ಕೆ ಅಷ್ಟು ಸಾಕು.