ಚಿಕ್ಕಮ್ಮನ ಪಾಲಿನ ಸಾರು

ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ನಂಜನಗೂಡಿನ ಶ್ಯಾಮಲಮ್ಮ, ಮಗ ಮುಕುಂದ. ಮೈ ಬೆಳೆದಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ ಮಾತು ಮೀರುವವನಲ್ಲ. ಕಷ್ಟವೇ ಅದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

"ನಾನು ಹೋದಮೇಲೆ ಇವನಿಗೆ ಹೇಳೋರು ಯಾರಪ್ಪಾ" ಎಂದು ಶ್ಯಾಮಲಮ್ಮ ಹಣೆ ಒತ್ತಿಕೊಳ್ಳುತ್ತಿದ್ದಳು.

ಹೀಗಿರುವಾಗ ವಿಯೆನ್ನಾದಿಂದ ತಂಗಿ ಕುಮುದಳ ಫೋನು ಬಂತು. ಮದುವೆಯಾಗಿ ಆ ಊರು ಸೇರಿದ್ದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಈಗ ಆಸ್ಪತ್ರೆಯ ಮಂಚ.

"ಅಕ್ಕ, ನನಗಿನ್ನು ಹೆಚ್ಚು ದಿನ ಇಲ್ಲವಂತೆ. ನಿನ್ನ ಕೈಯ ನಿಂಬೆಹಣ್ಣಿನ ಸಾರು ಒಂದು ಗುಟುಕು ಕುಡಿದು ಹೋಗಬೇಕು. ಬರ್ತೀಯಾ?"

ಶ್ಯಾಮಲಮ್ಮ ಬಳೆ ಮಾರಿ ಟಿಕೆಟ್ಟು ಮಾಡಿಸಿದಳು. ಮಗನನ್ನು ಯಾರ ಮನೆಯಲ್ಲಿ ಬಿಟ್ಟಾಳು? ಅವನೂ ಬಂದ.

ಅಲ್ಲಿ ನೋಡಿದರೆ ಕುಮುದಳ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. "ನುಂಗುವ ಹಾಗಾದ ದಿನ ಹೇಳುತ್ತೇವೆ, ಆಗ ಕೊಡಿ" ಎಂದರು ಡಾಕ್ಟರು. ಆ ದಿನ ಕಾಯುತ್ತ ಶ್ಯಾಮಲಮ್ಮ ಮಂಚದ ಪಕ್ಕ ಕೂತಳು. ಅಂಗಡಿ, ಪೇಟೆ, ಓಡಾಟ ಮುಕುಂದನ ಪಾಲಿಗೆ ಬಿತ್ತು.

"ಟ್ರಾಮಿಗೆ ಟಿಕೆಟ್ಟು ತಗೊ. ದುಬಾರಿ ಟಿಕೆಟ್ಟು, ಜೋಪಾನ, ಹಾಳು ಮಾಡಬೇಡ" ಎಂದು ಕಳಿಸಿದಳು.

ಜೋಪಾನ ಮಾಡಿದ. ಆ ಊರಿನಲ್ಲಿ ಟಿಕೆಟ್ಟನ್ನು ಪುಟ್ಟ ಪೆಟ್ಟಿಗೆಯ ಬಾಯಿಗಿಟ್ಟು ಸೀಲು ಹಾಕಿಸಬೇಕು, ಇಲ್ಲದಿದ್ದರೆ ಅದು ಬರೀ ಕಾಗದ. ಮುಕುಂದ ಸೀಲು ಹಾಕಿಸಲಿಲ್ಲ. ತಪಾಸಣೆಯವನು ದಂಡ ಹಾಕಿದ. ಶ್ಯಾಮಲಮ್ಮ ಆ ಯೂರೋ ಲೆಕ್ಕವನ್ನು ನೂರರಿಂದ ಗುಣಿಸಿ ರೂಪಾಯಿ ಮಾಡಿದಳು, ತಲೆ ತಿರುಗಿತು.

"ಯಾಕೋ ಹಾಕಿಸಲಿಲ್ಲ?"

"ಹೊಸ ಟಿಕೆಟ್ಟಮ್ಮ. ಮಸಿ ಆಗ್ತಿತ್ತು."

"ಅಯ್ಯೋ ನನ್ನ ಕರ್ಮ. ದುಡ್ಡು ಕೊಟ್ಟು ತಗೊಂಡದ್ದನ್ನ ಮೊದಲು ಆ ಪೆಟ್ಟಿಗೆ ಬಾಯಿಗೆ ಕೊಡಬೇಕು ಕಣೋ. ಸೀಲು ಬಿದ್ದಮೇಲೇನೇ ಅದು ನಮ್ಮದು."

ಮುಕುಂದ ತಲೆಯಾಡಿಸಿದ. ಮಾತು ಮನಸ್ಸಿನಲ್ಲಿ ಕೂತಿತು.

ಮಾರನೆಯ ದಿನ ಬ್ರೆಡ್ಡು ತರಲು ಹೋದ. ಬ್ರೆಡ್ಡು ಕೊಂಡ, ನೀರಿನ ಬಾಟಲಿಯನ್ನೂ ಕೊಂಡ. ಟ್ರಾಮು ಹತ್ತಿ, ಬ್ರೆಡ್ಡಿನ ಒಂದೊಂದೇ ಹೋಳು ತೆಗೆದು ಪೆಟ್ಟಿಗೆಯ ಬಾಯಿಗೆ ತುರುಕಿದ. ಪೆಟ್ಟಿಗೆ ಕೆಮ್ಮಿತು, ನಿಂತಿತು. ಡ್ರೈವರು ಬಂದು ಬೈದು ಕೆಳಗಿಳಿಸಿದ.

"ಸೀಲು ಬೀಳಲೇ ಇಲ್ಲಮ್ಮ. ಬ್ರೆಡ್ಡು ಒಳಗೇ ಉಳೀತು."

"ತಿನ್ನೋ ಪದಾರ್ಥಕ್ಕೆ ಸೀಲು ಹಾಕಿಸ್ತಾರೇನೋ! ಅದೂ ಸಾಲದು ಅಂತ ನೀರಿಗೂ ದುಡ್ಡು ಸುರಿದು ಬಂದಿದೀಯ. ಈ ಊರಿನ ನಲ್ಲೀಲಿ ಬೆಟ್ಟದ ನೀರು ಬರುತ್ತೆ, ಬಿಟ್ಟಿ ಬರುತ್ತೆ. ಕುಡಿಯೋದು ಅಂದಮೇಲೆ ಬಿಟ್ಟಿ ಸಿಕ್ಕಿದ್ದನ್ನ ತುಂಬಿಸ್ಕೊ, ಬೆಲೆ ಇರೋದನ್ನ ಅಲ್ಲೇ ಬಿಟ್ಟು ಬಾ."

ಮುಕುಂದ ತಲೆಯಾಡಿಸಿದ. ಮಾತು ಮನಸ್ಸಿನಲ್ಲಿ ಕೂತಿತು.

ಕುಮುದಳಿಗೆ ಆ ರಾತ್ರಿ ನರಳಾಟ. ಶ್ಯಾಮಲಮ್ಮ ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ಫ್ಲಾಸ್ಕು ಕೊಟ್ಟು, "ಎದುರಿನ ಕಾಫಿ ಅಂಗಡಿಗೆ ಹೋಗಿ ಒಂದು ಕಾಫಿ ಹಾಕಿಸ್ಕೊಂಡು ಬಾ" ಎಂದಳು.

ಆ ಊರಿನವರು ಕಾಫಿಯನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ತರುತ್ತಾರೆ. ಕಾಫಿಗೆ ದುಡ್ಡು, ನೀರು ಬಿಟ್ಟಿ. ಮುಕುಂದ ದುಡ್ಡು ಕೊಟ್ಟ, ನೀರನ್ನು ಫ್ಲಾಸ್ಕಿಗೆ ಸುರಿದುಕೊಂಡ, ಹೊಗೆಯಾಡುವ ಕಾಫಿಯನ್ನು ಅಲ್ಲೇ ಬಿಟ್ಟು ಬಂದ.

ಶ್ಯಾಮಲಮ್ಮ ಮುಚ್ಚಳಕ್ಕೆ ಬಗ್ಗಿಸಿದರೆ ತಣ್ಣೀರು. ಮಂಚದ ಮೇಲಿನ ಕುಮುದ ನಕ್ಕಳು. ಅಷ್ಟು ದಿನಕ್ಕೆ ಅದೇ ಮೊದಲ ನಗು.

"ಬೈಬೇಡ ಅಕ್ಕ. ನೀನು ಹೇಳಿದ್ದನ್ನೇ ಮಾಡಿದಾನೆ."

"ನೀನು ಸುಮ್ಮನಿರೆ. ಒಂದು ಲೋಟ ಕಾಫಿಗೆ ಇವರು ಕೇಳೋ ದುಡ್ಡಲ್ಲಿ ಊರಲ್ಲಿ ಮನೆಮಂದಿಗೆಲ್ಲ ಮಸಾಲೆದೋಸೆ ಆಗ್ತಿತ್ತು. ಕೇಳೋ ಮುಕುಂದ, ಒಂದು ಸಲ ದುಡ್ಡು ಕೊಟ್ಟಮೇಲೆ ಕೊನೇ ತನಕ ವಸೂಲು ಮಾಡಬೇಕು. ಅರ್ಧಕ್ಕೆ ಎದ್ದು ಬರಬಾರದು."

ಮುಕುಂದ ತಲೆಯಾಡಿಸಿದ. ಮಾತು ಮನಸ್ಸಿನಲ್ಲಿ ಕೂತಿತು.

ಎರಡು ದಿನ ಕಳೆದು, ತಂಗಿಯ ಮನೆಯಲ್ಲಿ ಶ್ಯಾಮಲಮ್ಮ ಬೇಳೆ ಬೇಯಿಸುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಇವತ್ತು ನುಂಗುತ್ತಿದ್ದಾಳೆ. ಬೇಗ ಬನ್ನಿ. ನಾಳೆಯ ಮಾತು ಹೇಳಲಾರೆವು.

ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ, ಫ್ಲಾಸ್ಕಿಗೆ ಸಾರು ತುಂಬಿ ಮಗನ ಕೈಗಿಟ್ಟಳು. "ನಾನು ಟ್ಯಾಕ್ಸಿ ಮಾಡ್ಕೊಂಡು ಮುಂದೆ ಓಡ್ತೀನಿ. ನೀನು ಮೈಮೇಲೆ ಒಗೆದ ಬಟ್ಟೆ ಹಾಕ್ಕೊಂಡು ಟ್ರಾಮಲ್ಲಿ ಬಾ" ಎಂದು ಹೊರಟಳು. ಫ್ಲಾಸ್ಕನ್ನು ತಾನೇ ಒಯ್ಯಬಹುದಿತ್ತಲ್ಲ ಎಂಬುದು ಟ್ಯಾಕ್ಸಿ ಹತ್ತಿದ ಮೇಲೆ ಹೊಳೆಯಿತು. ಅವಸರದಲ್ಲಿ ಬುದ್ಧಿವಂತರ ಬುದ್ಧಿಯೂ ದಾರಿಯಲ್ಲಿ ಕೂತುಬಿಡುತ್ತದೆ.

ಕುಮುದ ದಿಂಬಿಗೊರಗಿ ಕೂತಿದ್ದಳು. "ಇಂಗು ಹಾಕಿದೀಯಾ ಅಕ್ಕ?"

"ಹಾಕಿದೀನಿ ಕಣೆ. ಬರ್ತಾ ಇದಾನೆ."

ಮುಕುಂದ ಟ್ರಾಮಿನಲ್ಲಿ ಬರುತ್ತಲೇ ಇದ್ದ. ಟಿಕೆಟ್ಟಿಗೆ ಸೀಲು ಹಾಕಿಸಿದ್ದ, ಕಿಟಕಿ ಪಕ್ಕ ಕೂತಿದ್ದ. ಆಸ್ಪತ್ರೆ ಬಂತು. ದುಡ್ಡು ಕೊಟ್ಟಾಗಿದೆ, ಟ್ರಾಮಿನ್ನೂ ಮುಂದೆ ಹೋಗುತ್ತದೆ, ಅರ್ಧಕ್ಕೆ ಎದ್ದರೆ ಅಮ್ಮ ಬೈಯುತ್ತಾಳೆ. ಚಿಕ್ಕಮ್ಮನ ಕಿಟಕಿಗೆ ಕೈಬೀಸಿದ, ಕೂತೇ ಇದ್ದ. ಊರು ಮುಗಿದು ದ್ರಾಕ್ಷಿ ತೋಟ ಬಂದಾಗ ಟ್ರಾಮು ನಿಂತಿತು. ವಾಪಸ್ಸು ಬರುವ ಟಿಕೆಟ್ಟಿಗೆ ಅವನಲ್ಲಿ ಕಾಸಿರಲಿಲ್ಲ. ಫ್ಲಾಸ್ಕನ್ನು ಎದೆಗವಚಿಕೊಂಡು ಹಳಿಯ ಗುಂಟ ನಡೆದ.

"ಬಂದನಾ?" ಎಂದು ಕುಮುದ ಕೇಳಿದಳು.

"ಬಂದ ಕಣೆ, ಬಂದೇಬಿಟ್ಟ."

ಅವಳ ಕಣ್ಣು ಬಾಗಿಲಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ಅಲ್ಲೇ ನಿಂತುಬಿಟ್ಟಿತು.

ಮುಕುಂದ ಬಂದಾಗ ಸಂಜೆಯಾಗಿತ್ತು. "ಇನ್ನೂ ಬೆಚ್ಚಗಿದೆ ಅಮ್ಮ. ಎಬ್ಬಿಸಲಾ?"

ಶ್ಯಾಮಲಮ್ಮ ತಂಗಿಯ ಹೊದಿಕೆ ಸರಿಮಾಡಿ, ಅವನ ಕೈ ಹಿಡಿದು ಹೊರಗೆ ಕರೆತಂದಳು. ಮನೆಗೆ ಬಂದಮೇಲೆ, ನಡೆದು ಹಸಿದಿದ್ದ ಮುಕುಂದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಾಗ, ಶ್ಯಾಮಲಮ್ಮ ಒಳಗೆ ಹಿಡಿದಿಟ್ಟಿದ್ದೆಲ್ಲ ಒಡೆಯಿತು.

"ಮುಟ್ಟಬೇಡ. ಅದು ಚಿಕ್ಕಮ್ಮನ ಪಾಲು. ಅವಳ ಪಾಲಿಗೆ ಇನ್ಯಾರೂ ಬಾಯಿ ಹಾಕಬಾರದು, ತಿಳೀತಾ? ಯಾರೂ."

ಮುಕುಂದ ತಲೆಯಾಡಿಸಿದ. ಮಾತು ಎಂದಿಗಿಂತ ಆಳಕ್ಕೆ ಇಳಿದು ಕೂತಿತು.

ಸಂಸ್ಕಾರ ಮುಗಿಯಿತು. ಹತ್ತನೆಯ ದಿನ ಶ್ಯಾಮಲಮ್ಮ ಮತ್ತೆ ನಿಂಬೆಹಣ್ಣಿನ ಸಾರು ಮಾಡಿದಳು. ಅಂಗಡಿಯವನು ಬಾಳೆಲೆಗೆ ಹೇಳಿದ ಬೆಲೆಯನ್ನು ಗುಣಿಸದೆ ಕೊಟ್ಟಳು. ನದಿಯ ಕಾಲುವೆ ದಂಡೆಯಲ್ಲಿ ಎಲೆ ಹಾಸಿ, ಅನ್ನ ಬಡಿಸಿ, ಮೇಲೆ ಸಾರು ಬಿಟ್ಟು, ಶಾಸ್ತ್ರಕ್ಕೆ ಗಂಡಸು ಅವನೊಬ್ಬನೇ ಎಂದು ಮಗನನ್ನು ಎಲೆಯ ಹತ್ತಿರ ನಿಲ್ಲಿಸಿ ತಾನು ದೂರ ಹೋಗಿ ಕೈಮುಗಿದು ನಿಂತಳು. ಕಾಗೆ ಬಂದು ಮುಟ್ಟಿದರೆ ಹೋದವರೇ ಬಂದು ಉಂಡ ಹಾಗೆ. ಇದನ್ನು ಮಗನಿಗೆ ಹೇಳಿರಲಿಲ್ಲ. ಅವನ ಅಪ್ಪ ಹೋದಾಗಲೂ ಅವನನ್ನು ಮನೆಯಲ್ಲೇ ಬಿಟ್ಟಿದ್ದರು.

ಬಹಳ ಹೊತ್ತು ಏನೂ ಬರಲಿಲ್ಲ. ಪರದೇಶದ ಕಾಗೆಗೆ ನಮ್ಮ ಶಾಸ್ತ್ರ ಗೊತ್ತೋ ಇಲ್ಲವೋ ಎಂದು ಶ್ಯಾಮಲಮ್ಮ ಮರಗಳತ್ತ ಕತ್ತೆತ್ತಿ ನೋಡಿದಳು. "ಬಾ ಕುಮುದ. ಇಂಗು ಹಾಕಿದೀನಿ, ಬಾರೆ" ಎಂದು ಒಳಗೊಳಗೇ ಕರೆದಳು.

ಮರದಿಂದ ಒಂದು ಬೂದು ಕಾಗೆ ಇಳಿಯಿತು. ಕುಪ್ಪಳಿಸಿ ಹತ್ತಿರ ಬಂತು. ಕತ್ತು ಓರೆ ಮಾಡಿ ಎಲೆ ನೋಡಿತು, ಕೊಕ್ಕು ಚಾಚಿತು.

ಮುಕುಂದ ಕೈ ಬೀಸಿ ಅದರ ಮೇಲೆ ಹಾರಿದ. ಕಾಗೆ ಕಿರುಚಿ ಕಾಲುವೆ ದಾಟಿ ಹೋಯಿತು. ಅದರ ಹಿಂದೆ ಬಂದ ಇನ್ನೆರಡನ್ನೂ ಕಲ್ಲು ಹೊಡೆದು ಓಡಿಸಿದ. ಆಮೇಲೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅಮ್ಮನ ಕಡೆ ತಿರುಗಿದ.

"ನೀನು ನಿಶ್ಚಿಂತೆಯಾಗಿರಮ್ಮ. ಚಿಕ್ಕಮ್ಮನ ಪಾಲು, ಒಂದಗುಳೂ ಮುಟ್ಟೋಕೆ ಬಿಡಲಿಲ್ಲ."